ಲಾಲ್‌ಸಾಬರ ಒಂದು ರೂಪಾಯಿ ಗ್ರಿಲ್ಲು

ಹೊನ್ನಾಳಿಯಲ್ಲಿ ನನ್ನ ಮನೆಗೂ ಲಾಲ್‌ಸಾಬರ ಮನೆಗೂ ನಡುವೆ ಇರುವುದು ಒಂದು ರಸ್ತೆ, ಒಂದು ಚರಂಡಿ, ಚರಂಡಿಯ ಮೇಲೆ ಒಂದು ಕಲ್ಲು ಚಪ್ಪಡಿ. ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಮುದ್ರೆ ಒತ್ತಿ ನಿವೃತ್ತನಾದ ದಿನ ನನ್ನ ಜೊತೆಯವರು ಒಂದು ಶಾಲು, ಒಂದು ಬುಟ್ಟಿ ಹಣ್ಣು, ಒಂದು ಬೆತ್ತದ ಕುರ್ಚಿ ಕೊಟ್ಟು ಕಳಿಸಿದರು. ಹಣ್ಣು ಅವತ್ತೇ ಮುಗಿಯಿತು. ಶಾಲನ್ನು ಮುಂದಿನ ತಿಂಗಳು ಇನ್ಯಾರಿಗೋ ಹೊದಿಸಿ ಸನ್ಮಾನ ಮಾಡಿದೆವು. ನನ್ನ ಇಡೀ ಸರ್ಕಾರಿ ಸೇವೆಯ ಗುರುತಾಗಿ ಉಳಿದದ್ದು ಆ ಕುರ್ಚಿಯೊಂದೇ. ದಿನಾ ಬೆಳಿಗ್ಗೆ ಅದನ್ನು ಹೊತ್ತು ಚಪ್ಪಡಿ ದಾಟಿ ಲಾಲ್‌ಸಾಬರ ಪಡಸಾಲೆಗೆ ಹೋಗಿ ಕೂರುತ್ತಿದ್ದೆ. ಹೆಗಲು ನೋಯಲು ಶುರುವಾದ ಮೇಲೆ ಕುರ್ಚಿಯನ್ನು ಅಲ್ಲೇ ಬಿಟ್ಟೆ. ಪಡಸಾಲೆ ಅವರದು, ಕುರ್ಚಿ ನನ್ನದು. ಸ್ನೇಹ ಇಬ್ಬರದ್ದೂ.

ಲಾಲ್‌ಸಾಬರು ಮೊದಲು ಎತ್ತಿನ ದಲ್ಲಾಳಿ. ಚನ್ನಗಿರಿ, ನ್ಯಾಮತಿ, ಜಗಳೂರು, ಎಲ್ಲಿ ದನದ ಸಂತೆ ಕೂಡಿದರೂ ಅವರ ಹೆಗಲ ಮೇಲಿನ ಟವೆಲ್ ಅಲ್ಲಿ ಹಾಜರು. ನೋಡದವರಿಗೆ ಹೇಳುತ್ತೇನೆ, ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಎರಡೂ ಟವೆಲ್ಲಿನ ಕೆಳಗೆ ಸೇರುತ್ತವೆ. ಒಬ್ಬ ಇನ್ನೊಬ್ಬನ ಬೆರಳು ಹಿಡಿದು ಒತ್ತುತ್ತಾನೆ. ಎಷ್ಟು ಬೆರಳೋ ಅಷ್ಟು ಸಾವಿರ. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಅಲ್ಲಾಡುವ ಟವೆಲ್ ಮಾತ್ರ. ಒಮ್ಮೆ ಬೆಲೆ ಕುದುರಿತೆಂದರೆ ಮುಗಿಯಿತು, ಆಕಾಶ ಕಳಚಿ ಬಿದ್ದರೂ ಮಾತು ಹಿಂದೆ ಬರುವಂತಿಲ್ಲ. ಲಾಲ್‌ಸಾಬರು ಆಯುಷ್ಯದಲ್ಲಿ ಒಮ್ಮೆಯೂ ಆಡಿದ ಬೆಲೆ ತಪ್ಪಿದವರಲ್ಲ.

ಟ್ರ್ಯಾಕ್ಟರುಗಳು ಬಂದವು, ಎತ್ತು ಕಮ್ಮಿಯಾದವು, ಟವೆಲ್ ಬೆವರು ಒರೆಸಲಷ್ಟೇ ಉಳಿಯಿತು. ಆಗ ಅವರಿಗೆ ಕಂಡದ್ದು ಗ್ರಿಲ್ಲು. ಊರೂರಲ್ಲಿ ಜನ ಕಬ್ಬಿಣದ ಕಿಟಕಿ ಕಿತ್ತು ಸರಿದಾಡುವ ಗಾಜು ಹಾಕಿಸುತ್ತಿದ್ದರು. ಕಿತ್ತ ಗ್ರಿಲ್ಲುಗಳನ್ನು ಇವರು ತಂದು ಹಿತ್ತಲಲ್ಲಿ ಒಟ್ಟಿದರು. ವೆಲ್ಡಿಂಗ್ ಸಾದಿಕ್ ಬಂದು ತುಕ್ಕು ಕೆರೆದು, ಮುರಿದ ಸರಳಿಗೆ ಬೆಸುಗೆ ಹಾಕಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹೊಡೆದರೆ ಹೊಸದರ ಅಪ್ಪನಂತೆ ಕಾಣುತ್ತಿದ್ದವು. ಕತ್ತಲಗೆರೆಯಿಂದ ತಂದ ಮೊಟ್ಟಮೊದಲ ಗ್ರಿಲ್ಲನ್ನು ಮಾತ್ರ ಯಾರೂ ಕೇಳಲಿಲ್ಲ. ಆರಡಿ ಉದ್ದ, ಮೂರಡಿ ಅಗಲ, ಯಾವ ಕಿಟಕಿಗೂ ಕೂರದು. ಸಾದಿಕ್ ಅದಕ್ಕೆ ನಾಲ್ಕು ಕಾಲು ಬೆಸೆದು ಮಂಚ ಮಾಡಿಕೊಟ್ಟ. ಅದರ ಮೇಲೊಂದು ಹತ್ತಿಯ ಹಾಸಿಗೆ, ಹಾಸಿಗೆಯ ಮೇಲೆ ಲಾಲ್‌ಸಾಬರು. ಮೂರು ವರ್ಷದಿಂದ ಅವರ ಕಚೇರಿ, ವಿಶ್ರಾಂತಿಗೃಹ, ಸಿಂಹಾಸನ ಎಲ್ಲ ಆ ಮಂಚವೇ.

ಪಡಸಾಲೆಯ ಮುಂಭಾಗಕ್ಕೆ ಕೂರಿಸಿದ್ದ ಗ್ರಿಲ್ಲಿನ ಕಥೆಯೇ ಬೇರೆ. ಅದು ಮಾರುವ ಮಾಲಲ್ಲ. ಲಾಲ್‌ಸಾಬರ ಹೆಂಡತಿ ಅಖ್ತರ್‌ಬೀಯ ತಂದೆ ಚನ್ನಗಿರಿಯಲ್ಲಿ ಕಬ್ಬಿಣದ ಕೆಲಸದವರು. ಮಗಳ ಮದುವೆಯ ವರ್ಷ ಸ್ವಂತ ಕೈಯಾರೆ ಬಡಿದು, ಬಾಗಿಸಿ, ಬಳ್ಳಿಯ ನಡುವೆ ಎರಡು ಗಿಳಿ ಕೂತ ಹಾಗೆ ಮಾಡಿಕೊಟ್ಟದ್ದು. ಆಕೆ ಗೋಡೆಗೆ ಸುಣ್ಣ ಬಳಿಯುವುದನ್ನು ಮರೆತಾಳು, ಆ ಗಿಳಿಗಳಿಗೆ ಎಣ್ಣೆ ಬಟ್ಟೆ ಒರೆಸುವುದನ್ನು ಮರೆಯುವವಳಲ್ಲ.

ಇಂಥ ಮನೆಗೆ ಒಂದು ಶುಕ್ರವಾರ ಮೊಬೈಲ್ ಸಂತೆ ಬಂತು.

"ಪಂಚಾಕ್ಷರಪ್ಪನೋರೆ, ಈ ಫೋನಿನಾಗೆ ಹಳೇ ಸಾಮಾನು ಮಾರಾಕೆ ಆಪ್ ಐತಂತೆ. ನೀವು ಬರೆಯೋದ್ರಾಗೆ ಗಟ್ಟಿ. ನನ್ನ ಗ್ರಿಲ್ಲು ಅದರಾಗೆ ಹಾಕಿಕೊಡ್ರಿ," ಎಂದರು ಲಾಲ್‌ಸಾಬರು ಮಂಚದ ಮೇಲಿಂದ.

ಬರವಣಿಗೆಯಲ್ಲಿ ಗಟ್ಟಿ ಎಂದರೆ ನಾನು ಯಾವ ಹೊಂಡಕ್ಕಾದರೂ ಹಾರುತ್ತೇನೆ. ಹಿತ್ತಲಿಗೆ ಹೋಗಿ ಗ್ರಿಲ್ಲಿನ ರಾಶಿಯ ಫೋಟೋ ತೆಗೆಯಲು ಹೊರಟೆ. ಲಾಲ್‌ಸಾಬರು ಹೌಹಾರಿ ಎದ್ದು ಕೂತರು.

"ಅಲ್ರೀ, ಸಂತೆಗೆ ಹೋದಾಗ ಮುಂದೆ ಕಟ್ಟೋದು ಯಾವ ಎತ್ತು? ಚೆಂದಂದು. ಗಿರಾಕಿ ಅದನ್ನ ನೋಡಿ ನಿಲ್ತಾನೆ. ಆಮೇಲೆ ಹಿಂದೆ ಕಟ್ಟಿದ್ದನ್ನ ಮಾರೋದು. ಆ ತುಕ್ಕಿನ ರಾಶಿ ತೋರಿಸಿದ್ರೆ ನಾಯಿನೂ ಮೂಸಲ್ಲ. ಗಿಳಿ ಗ್ರಿಲ್ಲಿನ ಫೋಟೋ ಹೊಡೀರಿ!"

ವ್ಯಾಪಾರದ ಮರ್ಮ ಬಲ್ಲವರ ಮಾತು. ಅವರನ್ನು ಮಂಚದಿಂದ ಎಬ್ಬಿಸಿ, ನಾನೂ ಕುರ್ಚಿಯಿಂದ ಎದ್ದು, ರಸ್ತೆಗೆ ಹೋಗಿ ನಿಂತು ಫೋಟೋ ಹೊಡೆದೆ. ಬಹಳ ಚೆನ್ನಾಗಿ ಬಂತು. ಮುಂದೆ ಗಿಳಿಗಳು, ಅವುಗಳ ಹಿಂದೆ ಖಾಲಿ ಮಂಚ, ಪಕ್ಕದಲ್ಲಿ ನನ್ನ ಕುರ್ಚಿ. ಅದರ ಕೆಳಗೆ ಸರ್ಕಾರಿ ಶಿಸ್ತಿನಲ್ಲಿ ಬರೆದೆ: "ಹಳೆಯ ಗ್ರಿಲ್, ರಿಪೇರಿ ಮಾಡಲಾಗಿದೆ. ಚಿತ್ರದಲ್ಲಿ ಕಂಡಂತೆ, ಇದ್ದ ಸ್ಥಿತಿಯಲ್ಲಿ, ಇದ್ದ ಸ್ಥಳದಿಂದಲೇ ಒಯ್ಯತಕ್ಕದ್ದು." ಈ ವಾಕ್ಯ ಬರೆದ ಬೆರಳುಗಳನ್ನು ಇವತ್ತಿಗೂ ಶಪಿಸುತ್ತಿದ್ದೇನೆ.

ಬೆಲೆ ಎನ್ನುವ ಜಾಗಕ್ಕೆ ಬಂದಾಗ ಗಾಡಿ ನಿಂತಿತು.

"ಬೆಲೆ ಎಷ್ಟು ಹಾಕಲಿ?"

"ಬೆಲೆನಾ? ಊರಿಗೆಲ್ಲ ಕಾಣೋ ಹಂಗಾ?" ಲಾಲ್‌ಸಾಬರ ಮುಖ ಕೆಂಪಾಯಿತು. "ತೋಬಾ, ತೋಬಾ! ಸಂತೇಲಿ ಬೆಲೆ ಕೂಗಿ ಹೇಳೋನು ಕುಂಟೆತ್ತು ಮಾರೋನು. ಗಿರಾಕಿ ಬರಲಿ, ಕೈ ಕೊಡಲಿ, ಟವೆಲ್ ಕೆಳಗೆ ಹೇಳ್ತೀನಿ."

"ಸಾಬ್ರೆ, ಅಂಕಿ ಹಾಕದಿದ್ರೆ ಆಪ್ ಮುಂದಕ್ಕೇ ಹೋಗ್ತಿಲ್ಲ."

"ಸೊನ್ನೆ ಒತ್ರಿ."

ಸೊನ್ನೆ ಒತ್ತಿದೆ. ಒಪ್ಪಲಿಲ್ಲ.

"ಹಂಗಾದ್ರೆ ಒಂದು ಒತ್ರಿ. ಒಂದು ರೂಪಾಯಿ ಅಂದ್ರೆ ಬೆಲೆ ಆಮೇಲೆ ಮಾತಾಡೋಣ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗ್ತತೆ."

ಒತ್ತಿದೆ.

ಶನಿವಾರ ಬೆಳಿಗ್ಗೆ ನಾನು ಚಪ್ಪಡಿ ದಾಟುವಷ್ಟರಲ್ಲಿ ಫೋನು ಟಿಂಗ್ ಟಿಂಗ್ ಎಂದು ಕುಣಿಯುತ್ತಿತ್ತು. ಲಾಲ್‌ಸಾಬರು ಮಂಚದ ಮೇಲೆ ಕಾಲು ಚಾಚಿ ನವಾಬರಂತೆ ನಗುತ್ತಿದ್ದರು. ಗ್ರಿಲ್ ಬೇಕೆಂದು ನಲವತ್ಮೂರು ಜನ ಬರೆದಿದ್ದರಂತೆ.

"ಉತ್ತರ ಕೊಟ್ರಾ?"

"ಕೊಡದೆ ಬಿಡ್ತೀನಾ? ಎಲ್ಲರಿಗೂ ಹೆಬ್ಬೆಟ್ಟು ಒತ್ತಿದೆ. ಸಲಾಂ ಹೇಳಿದವರಿಗೆ ತಿರುಗಿ ಸಲಾಂ ಹೇಳಬೇಕಲ್ರೀ."

ಫೋನು ಈಸಿಕೊಂಡು ನೋಡಿದೆ. ಸವಳಂಗದವನೊಬ್ಬ "ಒಂದು ರೂಪಾಯಿಗೆ ಕೊಡ್ತೀರಾ? ಗ್ಯಾರಂಟಿನಾ?" ಎಂದು ಕೇಳಿದ್ದ. ಕೆಳಗೆ ಲಾಲ್‌ಸಾಬರ ಎತ್ತಿದ ಹೆಬ್ಬೆರಳು. ನ್ಯಾಮತಿಯವನು "ಭಾನುವಾರ ಬಂದು ಕಿತ್ಕೊಂಡು ಹೋಗ್ಲಾ?" ಎಂದಿದ್ದ. ಹೆಬ್ಬೆರಳು. ಎಲ್ಲರಿಗಿಂತ ಮೊದಲು, ಶುಕ್ರವಾರ ಸಂಜೆಯೇ, ಜಗಳೂರಿನ ಸುಂಕಲಮ್ಮ ಎನ್ನುವವರು ಬರೆದಿದ್ದರು: "ಒಂದು ರೂಪಾಯಿ ಒಪ್ಪಿಗೆ. ಭಾನುವಾರ ಗಾಡಿ ತರ್ತೀನಿ. ಮಾತು ಮಾತೇ ತಾನೆ?" ಅದರ ಕೆಳಗೆ ಒಂದಲ್ಲ, ಮೂರು ಹೆಬ್ಬೆರಳು.

ನಾನು ಬಿಡಿಸಿ ಹೇಳಿದೆ. ಲಾಲ್‌ಸಾಬರು ಮೊದಲು ನಕ್ಕರು. ಆಮೇಲೆ ಅರ್ಥವಾಯಿತು. ಆಮೇಲೆ ನೀರು ಕೇಳಿದರು.

"ಅಳಿಸಿಬಿಡೋಣ," ಎಂದೆ.

"ಅಳಿಸಿದ್ರೆ ಆಡಿದ್ದು ಆಡಿಲ್ಲ ಅಂತ ಆಗ್ತತಾ? ಇಷ್ಟು ವರ್ಷ ಒಂದು ಸಲ ಮಾತು ತಪ್ಪಿಲ್ಲ ಕಣ್ರೀ ನಾನು!" ಎಂದು ಗರ ಬಡಿದವರಂತೆ ಗಿಳಿಗಳನ್ನೇ ನೋಡುತ್ತ ಕೂತರು. ಅವರಿಗೆ ಹೆಂಡತಿಯ ಭಯವಿತ್ತು. ಅದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಾಗಿ ಮಾತು ತಪ್ಪುವ ಭಯವಿತ್ತು. ಇಬ್ಬರೂ ಸೇರಿ ಅಖ್ತರ್‌ಬೀಗೆ ಏನೂ ತಿಳಿಸದಿರುವುದೆಂದು ಗಂಭೀರವಾಗಿ ತೀರ್ಮಾನಿಸಿದೆವು. ಇದೊಂದೇ ನಾವು ಯೋಚಿಸಿ ಮಾಡಿದ ಕೆಲಸ, ಇದೂ ಕೆಟ್ಟಿತು.

ಭಾನುವಾರ ಬೆಳಿಗ್ಗೆ ಚನ್ನಗಿರಿಯ ಮೊದಲ ಬಸ್ಸಿಗೆ ಅಖ್ತರ್‌ಬೀಯ ತಮ್ಮ ಅಫ್ರೋಜ್ ಬಂದಿಳಿದ. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದ.

"ಅಕ್ಕಾ! ಏನಾಗೈತೆ ಈ ಮನೇಗೆ? ಊಟಕ್ಕೂ ಗತಿ ಇಲ್ಲೇನು? ಅಬ್ಬಾ ಮಾಡಿದ ಗ್ರಿಲ್ಲು ಒಂದು ರೂಪಾಯಿಗೆ ಮಾರಾಕೆ ಹಾಕ್ಯಾರೆ! ಚನ್ನಗಿರಿ ಪೂರ್ತಿ ನೋಡ್ತೈತೆ. ಮನೆಗೆ ಬಂದು ಬಂದು ಕೇಳ್ತಾವ್ರೆ, ನಿಮ್ಮ ಭಾವಂಗೆ ತಲೆ ನೆಟ್ಟಗೈತಾ ಅಂತ!"

ಅಖ್ತರ್‌ಬೀ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಫೋನು ನೋಡಿದಳು. ನೋಡಿದಳು, ಇನ್ನೊಮ್ಮೆ ನೋಡಿದಳು. ಅವರ ಮನೆಯೊಳಗಿನ ಭಾಷೆ ಬೇರೆ. ನಾನಿದ್ದಾಗ ಮಾತ್ರ ಬೈಗುಳ ಕನ್ನಡದಲ್ಲಿ ಬರುತ್ತದೆ, ನನ್ನ ಪಾಲು ನನಗೂ ಮುಟ್ಟಲೆಂದು.

"ಎಣ್ಣೆ ಬಟ್ಟೇಲಿ ಒರೆಸಿ ಒರೆಸಿ ನನ್ನ ಕೈ ಸವೆದೈತೆ. ನಮ್ಮಪ್ಪ ಇಲ್ಲ, ಅವರ ಕೈ ಕೆಲಸ ಇದೊಂದೇ ಉಳಿದೈತೆ ನನಗೆ. ಇದಕ್ಕೆ ಒಂದು ರೂಪಾಯಿನಾ?" ಹಿಟ್ಟಿನ ಕೈಯನ್ನು ಗಿಳಿಯ ಮೇಲಿಟ್ಟು ಹೇಳಿದಳು, "ಕೇಳ್ರಿ. ಈ ಗ್ರಿಲ್ಲು ಯಾವ ಗಾಡಿ ಹತ್ತುತ್ತೋ ಅದೇ ಗಾಡೀಲಿ ನಾನೂ ಹತ್ತಿ ಹೋಗ್ತೀನಿ. ಅಫ್ರೋಜ್, ನನ್ನ ಬಟ್ಟೆ ಕಟ್ಟು."

ಅಫ್ರೋಜ್ ನಿಜವಾಗಿಯೂ ಬಟ್ಟೆ ಕಟ್ಟಲು ಒಳಗೆ ಹೋದದ್ದನ್ನು ಕಂಡು ಲಾಲ್‌ಸಾಬರಿಗೆ ಜೀವ ಬಾಯಿಗೆ ಬಂತು.

ಅಷ್ಟರಲ್ಲಿ ಸಂತೆ ಕೂಡತೊಡಗಿತು. ಸವಳಂಗದಿಂದ ಬೈಕಿನಲ್ಲಿ ಇಬ್ಬರು, ಹಿಂದೆ ಕೂತವನ ಕೈಯಲ್ಲಿ ಹಾರೆ. ನ್ಯಾಮತಿಯಿಂದ ಆಟೋದಲ್ಲಿ ಒಂದು ಇಡೀ ಸಂಸಾರ. ಕತ್ತಲಗೆರೆಯಿಂದ ಬಂದವನೊಬ್ಬ ಅಳತೆ ಟೇಪು ಹಿಡಿದು ನನ್ನನ್ನು ಪಕ್ಕಕ್ಕೆ ಸರಿಸಿ ಗ್ರಿಲ್ಲಿನ ಎತ್ತರ ಅಳೆದ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ರೂಪಾಯಿಯ ನಾಣ್ಯ.

"ನಂಗೆ ಹೆಬ್ಬೆಟ್ಟು ಒತ್ಯಾರೆ!"

"ನಂಗೂ ಒತ್ಯಾರೆ, ನೋಡು!"

"ಯಜಮಾನ್ರೆ, ಹೊರಗೆ ಬರ್ರಿ! ಒಂದು ಗ್ರಿಲ್ಲಿಗೆ ನಲವತ್ತು ಜನಕ್ಕೆ ಹೆಬ್ಬೆಟ್ಟಾ?"

ರಸ್ತೆ ಕಟ್ಟಿತು. ಪೊಲೀಸ್ ಪೇದೆ ಮಾಲತೇಶ್ ಬೈಕು ನಿಲ್ಲಿಸಿ ಬಂದು ಏನು ಗಲಾಟೆ ಎಂದು ಕೇಳಿದರು. ನಾನು ಶುಕ್ರವಾರದಿಂದ ಆರಂಭಿಸಿ ಸವಿಸ್ತಾರವಾಗಿ ವರದಿ ಒಪ್ಪಿಸಿದೆ. ಅವರು ಲಾಠಿ ಕಂಕುಳಿಗೆ ಸಿಕ್ಕಿಸಿ, ಬೆರಗಾಗಿ ಲಾಲ್‌ಸಾಬರನ್ನು ನೋಡಿದರು.

"ಅಲ್ಲಾ ಸಾಬ್ರೆ, ಕಳ್ಳತನದ ಕೇಸು ನೋಡೀನಿ. ಮನೆ ಯಜಮಾನನೇ ಜನಕ್ಕೆ ಟೈಮು ಕೊಟ್ಟು ಕರೆಸಿದ್ದು ಇದೇ ಮೊದಲು!"

ಆಗ ಜನರನ್ನು ಸೀಳಿಕೊಂಡು ಒಂದು ಟಾಟಾ ಏಸ್ ಗಾಡಿ ಬಂತು. ಚಾಲಕನ ಪಕ್ಕದಿಂದ ಅರವತ್ತೈದು ದಾಟಿದ ಹೆಂಗಸೊಬ್ಬರು ಇಳಿದರು. ಬಿಗಿದು ಕಟ್ಟಿದ ತುರುಬು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಹಿಂದೆ ಗಾಡಿಯಲ್ಲಿ ಗ್ಯಾಸ್ ಕಟರ್ ಮತ್ತು ಅದನ್ನು ಹಿಡಿದ ಇಬ್ಬರು ಆಳು. ಜಗಳೂರಿನ ಸುಂಕಲಮ್ಮ ಬಂದರೆಂದು ಯಾರೂ ಹೇಳಬೇಕಾಗಲಿಲ್ಲ.

"ಮೊದಲು ಮಾತಾಗಿದ್ದು ಯಾರ ಜತಿಗೆ? ನೋಡ್ಕಳ್ರಿ!" ಎಂದು ಫೋನನ್ನು ಎಲ್ಲರ ಮೂಗಿನ ಮುಂದೆ ಹಿಡಿದರು. ಶುಕ್ರವಾರ ಸಂಜೆ, ಮೂರು ಹೆಬ್ಬೆರಳು. ಮಾಲತೇಶ್ ಅದನ್ನು ಓದಿ ತಲೆಯಾಡಿಸಿ, ಉಳಿದವರಿಗೆ ದಾರಿ ಬಿಡಲು ಹೇಳಿದರು. ಜನ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಗೊಣಗುತ್ತ ಚದುರಿದರು. ಹಾರೆಯವನು ಮಾತ್ರ ಹೋಗುವಾಗ ಗಿಳಿಗಳನ್ನು ಒಮ್ಮೆ ಆಸೆಯಿಂದ ತಿರುಗಿ ನೋಡಿದ.

ಸುಂಕಲಮ್ಮ ಪಡಸಾಲೆಗೆ ಬಂದು "ಉಸ್ಸಪ್ಪಾ" ಎಂದು ಮಂಚದ ಮೇಲೆ ಕೂತು, ಸೊಂಟ ನೀವಿಕೊಂಡರು.

"ಲಾಲ್‌ಸಾಬ್ರೆ, ನಮ್ಮ ಯಜಮಾನ್ರು ನಿಮ್ಮ ಕೈಲಿ ಎರಡು ಜೋಡಿ ಎತ್ತು ತಗಂಡಿದ್ರು. 'ಲಾಲ್‌ಸಾಬ್ ಆಡಿದ ಅಂದ್ರೆ ಆತು, ಕಾಗದ ಬ್ಯಾಡ' ಅಂತಿದ್ರು. ಅವರು ಈಗಿಲ್ಲ. ಫೋನಿನಾಗೆ ನಿಮ್ಮ ಹೆಸರು ನೋಡಿದ್ದಕ್ಕೇ ಬಾಡಿಗೆ ಗಾಡಿ ಮಾಡ್ಕಂಡು ಬಂದೀನಿ. ತಗಳ್ರಿ ನಿಮ್ಮ ರೂಪಾಯಿ."

ಲಾಲ್‌ಸಾಬರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬೇರೆ ಗಿರಾಕಿ ಆಗಿದ್ದರೆ ಅವರು ಕೈಕಾಲು ಹಿಡಿದಾರು, ನನ್ನ ಮೇಲೆ ತಪ್ಪು ಹೊರಿಸಿಯಾರು. ತೀರಿಹೋದವರ ನಂಬಿಕೆಯನ್ನು ಮುಂದಿಟ್ಟರೆ ಮನುಷ್ಯ ಏನು ಮಾಡಬೇಕು? ಒಂದು ಕಡೆ ರೂಪಾಯಿ ಚಾಚಿದ ಕೈ, ಇನ್ನೊಂದು ಕಡೆ ಬಟ್ಟೆಯ ಗಂಟು ಹಿಡಿದ ಅಫ್ರೋಜ್. ಲಾಲ್‌ಸಾಬರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ, ನನಗೂ ಬಂತು.

ಆಗ ಅಖ್ತರ್‌ಬೀ ಕೈತೊಳೆದು ಬಂದಳು. ನೇರ ಗಂಡನ ಹೆಗಲಿಗೆ ಕೈ ಹಾಕಿ ಟವೆಲ್ ಎಳೆದುಕೊಂಡಳು. ಸುಂಕಲಮ್ಮನ ಪಕ್ಕ ಮಂಚದ ಮೇಲೆ ಕೂತಳು.

"ಅವ್ವಾ, ನಿಮಗೆ ಇದು ಗೊತ್ತೈತಾ?"

ಸುಂಕಲಮ್ಮ ಟವೆಲ್ ನೋಡಿದರು, ಆಕೆಯ ಮುಖ ನೋಡಿದರು. "ಎತ್ತಿನ ವ್ಯಾಪಾರದೋನ ಹೆಂಡ್ತಿ ನಾನು. ನಲವತ್ತು ವರ್ಷ ಸೀರೆ ತಗಳಾಕೂ ಅವರ ಬೆರಳು ಹಿಂಗೇ ಹಿಡಿದೀನಿ. ಕೊಡು ತಾಯಿ ಕೈ," ಎಂದರು.

ಎರಡು ಕೈಗಳು ಟವೆಲ್ಲಿನ ಕೆಳಗೆ ಹೋದವು. ಲಾಲ್‌ಸಾಬರು ಹಾವು ತುಳಿದವರಂತೆ ಹಿಂದಕ್ಕೆ ಹಾರಿದರು. "ಇವಳಿಗೆ ಯಾರು ಕಲಿಸಿದ್ರು? ಯಾವಾಗ ಕಲಿಸಿದ್ರು?" ಎಂದು ನನ್ನ ಕಿವಿಯಲ್ಲಿ ಕೇಳಿದರು. ನನಗೇನು ಗೊತ್ತು? ಮನಿಯಾರ್ಡರ್ ಆಗಿದ್ದರೆ ಹೇಳುತ್ತಿದ್ದೆ.

"ಟವೆಲ್ ಕೆಳಗೆ ಮಾತು ನಡೀವಾಗ ಮೂರನೆಯವರು ನಿಲ್ಲಬಾರದು ಅಂತ ನೀವೇ ಅಲ್ವಾ ಹೇಳೋದು? ಅವ್ವನಿಗೆ ಚಹಾ ಮಾಡಬೇಕು. ಹಾಲು, ಬಿಸ್ಕತ್ತು ತಗೊಂಬರ್ರಿ. ಅಣ್ಣಾರೆ, ನೀವೂ ಹೋಗ್ರಿ, ಅವರಿಗೆ ದಾರಿ ಕಾಣ್ತಿಲ್ಲ," ಎಂದಳು ಅಖ್ತರ್‌ಬೀ.

ಹೋದೆವು. ಬೀದಿಯ ಕೊನೆಯ ಅಂಗಡಿಯಲ್ಲಿ ಲಾಲ್‌ಸಾಬರು ಹಾಲಿನ ಬದಲು ಸೋಪು ಕೇಳಿದರು. ಅಂಗಡಿಯ ದ್ಯಾಮಮ್ಮ ಬಿಸ್ಕತ್ತು ಕೊಡುತ್ತ, "ಮನೆ ಒಂದು ರೂಪಾಯಿಗೆ ಕೊಟ್ರಂತೆ, ನಮಗೊಂದು ಮಾತು ಹೇಳಬಾರದಾಗಿತ್ತಾ ಸಾಬ್ರೆ?" ಎಂದು ಬೇಜಾರು ಮಾಡಿಕೊಂಡಳು. ಆಕೆಗೆ ಸಮಾಧಾನ ಹೇಳಿ ವಾಪಸು ಬರುವಾಗ ಟಾಟಾ ಏಸ್ ನಮಗೆ ಎದುರಾಗಿ ದಾಟಿಹೋಯಿತು. ಮೇಲೆ ಟಾರ್ಪಾಲಿನ್ ಬಿಗಿದಿತ್ತು. ಒಳಗೆ ಕಬ್ಬಿಣ ಗಣಗಣ ಎನ್ನುತ್ತಿತ್ತು. ಕಿಟಕಿಯಿಂದ ಸುಂಕಲಮ್ಮ ನಗುತ್ತ ಕೈಯೆತ್ತಿದರು.

ಲಾಲ್‌ಸಾಬರು ಹಾಲಿನ ಪೊಟ್ಟಣವನ್ನು ಎದೆಗವಚಿ ಓಡಿದರು. ಮಂಡಿನೋವಿನವರು ಹಾಗೆ ಓಡಿದ್ದನ್ನು ನಾನು ಕಂಡದ್ದಿಲ್ಲ.

ಗಿಳಿಗಳು ಅಲ್ಲೇ ಇದ್ದವು! ಬಳ್ಳಿ ಅಲ್ಲೇ ಇತ್ತು! ಅಖ್ತರ್‌ಬೀ ಬಾಗಿಲಲ್ಲಿ ನಿಂತಿದ್ದಳು. ಅಫ್ರೋಜ್ ಬಟ್ಟೆಯ ಗಂಟು ಬಿಚ್ಚುತ್ತಿದ್ದ. ಲಾಲ್‌ಸಾಬರು ರಸ್ತೆಯಲ್ಲೇ ನಿಂತು ಒಂದೊಂದು ಸರಳನ್ನೂ ಮುಟ್ಟಿ ನೋಡಿದರು. ನಾನೂ ಮುಟ್ಟಿ ಖಚಿತಪಡಿಸಿದೆ.

"ಹಿತ್ತಲಾಗಿನ ದೊಡ್ಡ ಗ್ರಿಲ್ಲು ತಗೊಂಡ್ರು ಅವ್ವ. ಅದಕ್ಕೆ ಸರಿಯಾದ ಬೆಲೇನೇ ಕೊಟ್ರು. ಚಹಾಕ್ಕೆ ನಿಲ್ಲಲಿಲ್ಲ, ಬಿಸಿಲಾಗ್ತತೆ ಅಂದ್ರು," ಎಂದು ಅಖ್ತರ್‌ಬೀ ಹಾಲು ಈಸಿಕೊಂಡು ಒಳಗೆ ಹೋದಳು.

ಲಾಲ್‌ಸಾಬರ ಎದೆ ಎರಡು ಇಂಚು ಉಬ್ಬಿತು. ಹೋದ ಜೀವ ಬಂದದ್ದೇ ತಡ, ಹಳೆಯ ಗತ್ತೂ ಬಂತು. "ನೋಡಿದ್ರಾ ಪಂಚಾಕ್ಷರಪ್ಪನೋರೆ? ಏನು ಹೇಳಿದ್ದೆ ನಾನು? ಮುಂದೆ ಕಟ್ಟಿದ ಎತ್ತು ಮುಂದೇ ಉಳೀತು, ಹಿಂದಿಂದು ಮಾರಾಟ ಆತು. ಇದೇ ವ್ಯಾಪಾರ!" ಎನ್ನುತ್ತ ನನ್ನ ಕಡೆ ಮುಖ ಮಾಡಿಕೊಂಡೇ ಪಡಸಾಲೆ ಹತ್ತಿದರು. ಮೂರು ವರ್ಷದ ಅಭ್ಯಾಸದಂತೆ, ಹಿಂದೆ ನೋಡದೆ, ಠೀವಿಯಿಂದ ಕೂತರು.

ಧಡ್ ಎಂದು ನೆಲಕ್ಕೆ ಬಿದ್ದರು.

ಮಂಚ ಇರಲಿಲ್ಲ. ಮಂಚ ಇದ್ದ ಕಡೆ ಹತ್ತಿಯ ಹಾಸಿಗೆ ಸುರುಳಿ ಸುತ್ತಿ ಗೋಡೆಗೆ ಒರಗಿತ್ತು. ಗಿಳಿಗಳನ್ನು ಮುಟ್ಟಿ ಮುಟ್ಟಿ ನೋಡಿದ ನಮಗಿಬ್ಬರಿಗೂ ಅವುಗಳ ಹಿಂದೆ ಪಡಸಾಲೆ ಬಟಾಬಯಲಾಗಿದ್ದದ್ದು ಕಂಡಿರಲಿಲ್ಲ.

"ನನ್ನ ಮಂಚ! ಅಖ್ತರ್! ನನ್ನ ಮಂಚ ಎಲ್ಲಿ?"

ಅಖ್ತರ್‌ಬೀ ಬಂದು ಅಂಗೈ ಬಿಚ್ಚಿದಳು. ಅದರಲ್ಲಿ ಒಂದು ರೂಪಾಯಿಯ ನಾಣ್ಯವಿತ್ತು.

"ಹಳೇ ಗ್ರಿಲ್ಲು, ರಿಪೇರಿ ಮಾಡಿದ್ದು, ಫೋಟೋದಾಗೆ ಕಂಡಿದ್ದು, ಒಂದು ರೂಪಾಯಿ. ಹಂಗೆ ಅಲ್ವಾ ನೀವು ಹಾಕಿದ್ದು? ನಮ್ಮಪ್ಪ ಮಾಡಿದ್ದನ್ನ ಯಾರೂ ರಿಪೇರಿ ಮಾಡಿಲ್ಲ. ಫೋಟೋದಾಗೆ ಇದ್ದ ರಿಪೇರಿ ಗ್ರಿಲ್ಲು ಅಂದ್ರೆ ಕತ್ತಲಗೆರೆದು ಒಂದೇ, ನಾಲ್ಕು ಕಾಲಿಂದು. ಅವ್ವನಿಗೆ ಸೊಂಟನೋವು, ಕೂತ ಕೂಡಲೇ ಮಂಚ ಹಿಡಿಸಿತ್ತು. ನಿಮ್ಮ ಮಾತು ಉಳೀತು, ಹಿಡ್ಕೊಳ್ರಿ."

ನಾಣ್ಯವನ್ನು ಗಂಡನ ಕೈಗಿಟ್ಟಳು. ಲಾಲ್‌ಸಾಬರು ನೆಲದ ಮೇಲೆ ಕೂತಂತೆಯೇ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡೂ ಮುಖ ಸರಿಯಾಗಿದ್ದವು. ವಾದಕ್ಕೆ ಎಲ್ಲೂ ಸಂದು ಇರಲಿಲ್ಲ. ನನಗೋ ನಗು ತಡೆಯಲಾಗಲಿಲ್ಲ. ಕಳೆದ ಎರಡು ದಿನದ ಬಿಗಿಯೆಲ್ಲ ಸಡಿಲವಾಗಿ ಗೋಡೆ ಹಿಡಿದು ನಗತೊಡಗಿದೆ.

ನಗುತ್ತಲೇ ಒಂದು ಸಂಶಯ ಬಂತು. "ಅಲ್ಲ ತಂಗೀ, ಮಂಚಕ್ಕೆ ಕೊಟ್ಟ ಒಂದು ರೂಪಾಯಿ ಬೆಲೆ ಊರಿಗೇ ಗೊತ್ತಿತ್ತು. ಹಿತ್ತಲಿನ ಗ್ರಿಲ್ಲಿಗೆ ಸರಿಯಾದ ಬೆಲೆ. ಮತ್ತೆ ಟವೆಲ್ ಕೆಳಗೆ ಅಷ್ಟು ಹೊತ್ತು ಚೌಕಾಸಿ ಮಾಡಿದ್ದು ಯಾವುದಕ್ಕೆ?"

"ಕೊಸರಿಗೆ," ಎಂದಳು ಅಖ್ತರ್‌ಬೀ. "ಅಷ್ಟು ದೂರದಿಂದ ಬಂದೋರು, ಮೇಲೆ ಏನಾದ್ರೂ ಕೊಸರು ಹಾಕು ಅಂತ ಹಟ ಹಿಡಿದ್ರು. ಅದೂ ಫೋಟೋದಾಗಿಂದೇ ಬೇಕಂದ್ರು. ನೀವೇ ಬರೆದಿದ್ರಲ್ಲ, ಚಿತ್ರದಲ್ಲಿ ಕಂಡಂತೆ ಅಂತ."

ನಾನು ಕೂತು ಯೋಚಿಸೋಣವೆಂದು ನನ್ನ ಕುರ್ಚಿಗಾಗಿ ಹಿಂದೆ ತಿರುಗಿ ನೋಡಿದೆ.